ಶಾಲೆಯ ಸುದ್ದಿ ಎಲ್ಲರ ಮನೆಗೂ ಮುಟ್ಟಬೇಡವೆ?

ಮಳೆಗಾಲದಲ್ಲಿ ಮಡಿಕೇರಿಯ ಸುತ್ತುಮುತ್ತಲಲ್ಲಿ ಶಾಲೆಗೆ ರಜೆಯುಂಟೋ ಇಲ್ಲವೋ ಎಂಬುದು ಅಲ್ಪವಾದ ಪ್ರಶ್ನೆಯಲ್ಲ. ತೋಡುಗಳು ತುಂಬಿ, ಬರೆ ಜರಿದು, ಮರಗಳು ದಾರಿಗೆ ಅಡ್ಡಬೀಳುವ ದಿನಗಳಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರುವುದುಂಟು. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಈ ನಾಡಿನಲ್ಲಿ ಆ ಎಚ್ಚರಿಕೆ ಅತಿಯಾಯಿತೆಂದು ಯಾರೂ ಹೇಳಲಾರರು. ಆದರೆ ಶಾಲೆಗಳು ಈಗ ಆ ಸುದ್ದಿಯನ್ನು ಮನೆಗಳಿಗೆ ತಿಳಿಸುವುದು ಹೆಚ್ಚಾಗಿ ಮೊಬೈಲಿನ ವಾಟ್ಸಾಪ್ ಮುಖಾಂತರ. ಅದನ್ನು ನೋಡಬಲ್ಲವರ ಮಗು ಬೆಚ್ಚಗೆ ಮನೆಯಲ್ಲಿರುತ್ತದೆ; ನೋಡಲರಿಯದವರ ಮಗು ಕೊಡೆ ಹಿಡಿದು ಮುಚ್ಚಿದ ಶಾಲೆಯ ಬಾಗಿಲವರೆಗೆ ನಡೆಯುತ್ತದೆ.

ಈ ನೂತನ ಸಾಧನವು ಉಪಯುಕ್ತವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸಾಧನವೊಂದರಿಂದಲೇ ಕಾರ್ಯಸಿದ್ಧಿಯಾಗದೆಂಬುದನ್ನು 2020ನೆಯ ಇಸವಿಯೇ ಕಲಿಸಿತು. ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಮೊಬೈಲಿನಲ್ಲಿ ಪಾಠಗಳು ನಡೆದುವು. ಚಂದನ ದೂರದರ್ಶನದಲ್ಲಿಯೂ ಪಾಠಗಳು ಬಂದುವು. ಸಂಪರ್ಕ ದೊರೆಯಲೆಂದು ಈ ಜಿಲ್ಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಹೇಳಬೇಕಾಯಿತು. ಕಡೆಗೆ ಸರಕಾರವು ಅದೇ ಆಗಸ್ಟಿನಲ್ಲಿ ‘ವಿದ್ಯಾಗಮ’ವನ್ನು ಆರಂಭಿಸಿ, ಶಿಕ್ಷಕರನ್ನು ಮಕ್ಕಳಿದ್ದಲ್ಲಿಗೇ ಕಳುಹಿಸಿತು.

ಸಂದೇಶವನ್ನು ನೋಡದ ತಂದೆತಾಯಿಗಳನ್ನು ಅಲಕ್ಷ್ಯದವರೆಂದು ದೂರುವುದು ಸುಲಭ, ಅದು ನ್ಯಾಯವಲ್ಲ. ತೋಟದ ಲೈನ್ ಮನೆಯಲ್ಲಿ ಇರುವುದೊಂದೇ ಮೊಬೈಲಾದರೆ ಅದು ಬೆಳಗ್ಗೆಯೇ ತಂದೆಯೊಡನೆ ಕೆಲಸಕ್ಕೆ ಹೋಗುತ್ತದೆ. ಕರೆನ್ಸಿ ಮುಗಿದಿರಬಹುದು, ಗಾಳಿಮಳೆಗೆ ವಿದ್ಯುತ್ತು ಕಡಿದಿರಬಹುದು. ಮನೆಯಲ್ಲಿ ಎರವ ಭಾಷೆಯನ್ನೋ ಮಲೆಯಾಳವನ್ನೋ ಆಡುವವರಿಗೆ, ಅಸ್ಸಾಮಿನಿಂದ ಕೂಲಿಗೆ ಬಂದವರಿಗೆ, ಕಚೇರಿಯ ಕನ್ನಡದಲ್ಲಿ ಬರೆದ ಸುತ್ತೋಲೆಯ ಚಿತ್ರವು ಏನನ್ನು ತಿಳಿಸೀತು?

ಆದುದರಿಂದ ಶಾಲೆಗಳವರಲ್ಲಿ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಬರಹದೊಡನೆ ಧ್ವನಿಸಂದೇಶವನ್ನೂ ಕಳುಹಿಸಲಿ, ಓದಲರಿಯದವರೂ ಕೇಳಬಲ್ಲರು. ಎರಡನೆಯದಾಗಿ, ವರ್ಷಾರಂಭದ ಪೋಷಕರ ಸಭೆಯಲ್ಲಿ ಅರ್ಧ ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಪ್ರತಿಯೊಬ್ಬ ತಾಯಿಯ ಕೈಯಲ್ಲಿಯೇ ಮೊಬೈಲ್ ಕೊಟ್ಟು ಅಭ್ಯಾಸ ಮಾಡಿಸಲಿ. ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಲಾಗದೆಂಬುದನ್ನೂ, ವಂಚನೆಗೊಳಗಾದರೆ ಒಡನೆಯೇ 1930ಕ್ಕೆ ಕರೆಮಾಡಬೇಕೆಂಬುದನ್ನೂ ಅಂದೇ ತಿಳಿಸಲಿ. ಮೂರನೆಯದಾಗಿ, ಸುದ್ದಿ ಮುಟ್ಟದ ಮನೆಗಳ ಪಟ್ಟಿಮಾಡಿ, ಒಂದೊಂದು ಮನೆಯನ್ನೂ ನೆರೆಯವರೊಬ್ಬರಿಗೆ ಒಪ್ಪಿಸಲಿ. ಕೊನೆಯ ಮನೆಯವರು ಕಲಿಯುವವರೆಗೂ ಕಾಗದದ ಚೀಟಿಯನ್ನು ನಿಲ್ಲಿಸದಿರಲಿ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ನೆರೆಮನೆಯ ತಾಯಿಗೆ ಆಕೆಯ ಮಾತಿನಲ್ಲೇ ಕಲಿಸಲು ಇವರಿಗಿಂತ ತಕ್ಕವರಾರು? ತೋಟದ ಧಣಿಗಳು ರೈಟರ ಮೂಲಕ ರಜೆಯ ಸುದ್ದಿಯನ್ನು ಲೈನ್ ಮನೆಗಳಿಗೆ ಮುಟ್ಟಿಸಬಹುದು. ಶುಕ್ರವಾರದ ಸಂತೆಗೆ ಬರುವವರಿಗೆ ಪೇಟೆಯ ವಿದ್ಯಾವಂತ ತರುಣರು ಒಂದು ಗಳಿಗೆ ಕುಳಿತು ಕಲಿಸಬಹುದು.

ಸುದ್ದಿಯನ್ನು ಕಳುಹಿಸಿದ ಮಾತ್ರಕ್ಕೆ ಶಾಲೆಯ ಹೊಣೆ ತೀರುವುದಿಲ್ಲ. ಮುಂದಿನ ಮಳೆ ಹಿಡಿಯುವ ಮೊದಲೇ ಶಿಕ್ಷಣ ಇಲಾಖೆಯ ಅಧಿಕಾರಿಗಳು ಪ್ರತಿಯೊಂದು ಶಾಲೆಯಿಂದಲೂ, ಸುದ್ದಿ ಮುಟ್ಟದ ಮನೆಗಳೆಷ್ಟು, ಅವುಗಳಿಗೆ ಮಾಡಿದ ಏರ್ಪಾಡೇನು ಎಂಬ ವಿವರವನ್ನು ಕೇಳಿ ಪಡೆಯಬೇಕೆಂದು ನಾವು ಬಿನ್ನವಿಸುತ್ತೇವೆ.