ರೋಗಿಯ ಮಾತು ಅಮಾನತ್



ನಮ್ಮಲ್ಲಿ ಒಬ್ಬರು ಡಾಕ್ಟರ ಬಳಿಗೆ ಹೊರಟರೆ ಜೊತೆಗೆ ಇಬ್ಬರು ಮೂವರು ಹೊರಡುತ್ತೇವೆ. ಅದು ಪ್ರೀತಿ, ಒಳ್ಳೆಯದೇ. ಆದರೆ ಒಳಗೆ ಏನಾಗುತ್ತದೆ? ಡಾಕ್ಟರು ಸೊಸೆಯನ್ನು ಕೇಳುತ್ತಾರೆ, ಉತ್ತರ ಕೊಡುವುದು ಅತ್ತೆ ಅಥವಾ ಗಂಡ. ಅವಳಿಗೆ ಕನ್ನಡ ಸರಿಯಾಗಿ ಬಾರದಿದ್ದರಂತೂ ಹೇಳಬೇಕಾದ ಮಾತು ಅವಳ ಎದೆಯಲ್ಲೇ ಉಳಿಯುತ್ತದೆ. ಔಷಧ ಮಾತ್ರ ಜೊತೆಗೆ ಬಂದವರು ಹೇಳಿದ ಕಾಯಿಲೆಗೆ ಸಿಗುತ್ತದೆ!

ಒಬ್ಬರು ಮಾತನಾಡುತ್ತಾ ಸುತ್ತ ಕಣ್ಣಾಡಿಸಿದರೆ ಆ ಮಾತು ಅಮಾನತ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. 'ಗುಟ್ಟಾಗಿಡಿ' ಎಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಡಾಕ್ಟರ ಎದುರು ದನಿ ತಗ್ಗಿಸುವ ಪ್ರತಿಯೊಬ್ಬ ರೋಗಿಯ ಮಾತೂ ಅಂಥದ್ದೇ.

ದೇಶದ ಕಾನೂನೂ ಇದನ್ನು ಕಾಪಾಡುತ್ತದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಚಿಕಿತ್ಸೆಯಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆ ಹೇಳುವಂತಿಲ್ಲ. ನ್ಯಾಯಾಲಯದ ಆದೇಶ, ಇನ್ನೊಬ್ಬರಿಗೆ ಗಂಭೀರ ಅಪಾಯ, ಸರಕಾರಕ್ಕೆ ತಿಳಿಸಲೇಬೇಕಾದ ರೋಗ – ಇಂಥ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ರೋಗಿ ತನ್ನ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಅದೇ ನಿಯಮಗಳು ಹೇಳುತ್ತವೆ.

ಇನ್ನು ಒಪ್ಪಿಗೆಯ ವಿಷಯ. ದಿಲ್ಲಿಯಲ್ಲಿ 1995ರಲ್ಲಿ 44 ವರ್ಷದ ಮಹಿಳೆಯೊಬ್ಬರು ಪರೀಕ್ಷೆಗೆಂದು ಲ್ಯಾಪರೋಸ್ಕೋಪಿಗೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದಿತು. ಪ್ರಾಣಕ್ಕೆ ತಕ್ಷಣದ ಅಪಾಯವಿರಲಿಲ್ಲ. ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟಂತೆಯೂ ಅಲ್ಲ. ಚಿಕಿತ್ಸೆ ಯಾವುದು, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ – ಇಷ್ಟನ್ನು ರೋಗಿಗೆ ಅರ್ಥವಾಗುವಂತೆ ತಿಳಿಸಿ ಪಡೆದದ್ದೇ ಒಪ್ಪಿಗೆ. ಬರೀ ಕಾಗದದ ಮೇಲಿನ ಸಹಿಯಲ್ಲ.

ಹಾಗಾದರೆ ಜೊತೆಗೆ ಹೋಗುವ ನಮ್ಮ ಕೆಲಸವೇನು?

ಮೊದಲನೆಯದು, ರೋಗಿ ಮಾತನಾಡಲಿ. ಭಾಷೆಯ ತೊಡಕಿದ್ದರೆ ಅವರು ಹೇಳಿದ್ದನ್ನು ಹೇಳಿದಂತೆಯೇ ದಾಟಿಸೋಣ. ನಮ್ಮದನ್ನು ಸೇರಿಸುವುದು ಬೇಡ, ಕಡಿಮೆ ಮಾಡುವುದೂ ಬೇಡ.

ಎರಡನೆಯದು, ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳೋಣ. ಮಗಳು ತಂದೆಯ ಮುಂದೆ, ಮುದುಕರು ಮಗನ ಮುಂದೆ ಹೇಳಲಾಗದ ಸಂಗತಿಗಳಿರುತ್ತವೆ.

ಮೂರನೆಯದು, "ಅಬ್ಬಾನಿಗೆ ಹೇಳಬೇಡಿ ಡಾಕ್ಟ್ರೇ" ಎನ್ನುವ ಮೊದಲು ಎಷ್ಟು ತಿಳಿಯಲು ಬಯಸುತ್ತೀರಿ ಎಂದು ಅಬ್ಬಾನನ್ನೇ ಕೇಳೋಣ. ಸಾಲ ತೀರಿಸುವುದು, ವಸಿಯ್ಯತ್ ಬರೆಯುವುದು, ಯಾರಲ್ಲೋ ಕ್ಷಮೆ ಕೇಳುವುದು ಅವರಿಗೆ ಬಾಕಿಯಿರಬಹುದು.

ನಾಲ್ಕನೆಯದು, ರಿಪೋರ್ಟಿನ ಫೋಟೋ ಕುಟುಂಬದ ವಾಟ್ಸಪ್ ಗ್ರೂಪಿಗೆ ಹಾಕುವುದು ಬೇಡ. 'ದುಆ ಮಾಡಿ' ಎಂದು ಕೇಳಲು ರೋಗದ ಹೆಸರು ಬೇಕಿಲ್ಲ. ಹೀಗೆ ಹೊರಬಿದ್ದ ಒಂದು ಮಾತು ಒಬ್ಬ ಹುಡುಗಿಯ ಮದುವೆಯನ್ನೋ ಒಬ್ಬನ ಕೆಲಸವನ್ನೋ ಕಸಿದೀತು.

ಡಾಕ್ಟರು, ನರ್ಸ್, ಕೌಂಟರಿನಲ್ಲಿ ಹೆಸರು ಕೂಗುವವರು ಗುಟ್ಟು ಕಾಯಬೇಕೆಂದು ನಾವು ಬಯಸುತ್ತೇವೆ. ಅದೇ ಗುಟ್ಟು ನಮ್ಮ ಕಿವಿಗೂ ಬಿದ್ದಿದೆ. ಅದನ್ನು ಕಾಯುವ ಹೊಣೆ ನಮ್ಮದೂ ಹೌದು.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ಅಮಾನತ್ ಕಾಯುವ ಮನಸ್ಸನ್ನು ನಮಗೆ ಕರುಣಿಸಲಿ. ಆಮೀನ್.