ಕೀಲಿಕೈಯೂ ಚೀಟಿಯೂ

ಗುರುತು ಬೇರೆ, ಅನುಮತಿ ಬೇರೆ. ‘ಇವನು ಇಂಥವನೇ’ ಎಂದು ನಿಶ್ಚಯಿಸುವುದು ಗುರುತು. ‘ಇವನು ಇಷ್ಟನ್ನು ಪಡೆಯಬಹುದು’ ಎಂದು ಒಪ್ಪುವುದು ಅನುಮತಿ. ಈ ಭೇದವನ್ನು ಅರಿತರೆ, ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲತಾಣಗಳಿಂದ ಅನ್ಯರು ನಮ್ಮ ಮಾಹಿತಿಯನ್ನು ಪಡೆಯುವ ಬಗೆ ಸುಲಭವಾಗಿ ತಿಳಿಯುತ್ತದೆ.

ಅಣ್ಣಿಗೇರಿಯ ರೈತನೊಬ್ಬನ ಕಡಲೆ ಚೀಲಗಳು ಗೋದಾಮಿನಲ್ಲಿವೆಯೆಂದು ಭಾವಿಸೋಣ. ಮೂರು ಚೀಲ ತರಲು ಚಕ್ಕಡಿಯವನನ್ನು ಕಳುಹಿಸುವಾಗ ಅವನು ಕೀಲಿಕೈಯನ್ನು ಕೊಡುವುದಿಲ್ಲ, ಚೀಟಿಯನ್ನು ಬರೆದುಕೊಡುತ್ತಾನೆ. ಗೋದಾಮಿನವರು ಸಹಿಯಿಂದ ರೈತನ ಗುರುತು ಹಿಡಿಯುತ್ತಾರೆ. ಬರೆದ ಸಂಖ್ಯೆಯಷ್ಟೇ ಸರಕು ಕೊಡುತ್ತಾರೆ. ಜಾಲತಾಣದಲ್ಲಿ ಸರಕು ಕೊಡುವ ಈ ಕಿಂಡಿಗೆ ‘ಎಪಿಐ’ ಎಂದೂ ಚೀಟಿಗೆ ‘ಟೋಕನ್’ ಎಂದೂ ಹೆಸರು. ಇಂಥ ಚೀಟಿ ಕೊಡುವ ಕ್ರಮವನ್ನು ವಿಧಿಸುವ ‘ಓಆತ್ 2.0’ ಎಂಬ ನಿಯಮಾವಳಿಯು 2012ರಲ್ಲಿ ಪ್ರಕಟವಾಯಿತು.

ಆ ಕ್ರಮ ಹೀಗಿದೆ. ಆ್ಯಪ್ ಒಂದು ನಮ್ಮ ಹೆಸರು, ಭಾವಚಿತ್ರಗಳನ್ನು ಬಯಸಿದರೆ, ಅದು ನಮ್ಮನ್ನು ಜಾಲತಾಣದ ಬಾಗಿಲಿಗೇ ಕಳುಹಿಸುತ್ತದೆ. ಪಾಸ್‌ವರ್ಡನ್ನು ನಾವು ಅಲ್ಲಿಯೇ ಕೊಡುತ್ತೇವೆ. ಆ್ಯಪ್‌ಗೆ ಅದು ಕಾಣುವುದಿಲ್ಲ. ಬಳಿಕ ‘ಇಂತಿಂಥ ಮಾಹಿತಿಯನ್ನು ಕೊಡಲು ಒಪ್ಪುವಿರಾ?’ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿದರೆ ಆ್ಯಪ್‌ಗೆ ಅಲ್ಪಕಾಲದ ಸಂಕೇತವೊಂದು ದೊರೆಯುತ್ತದೆ. ಅದನ್ನೂ ತನ್ನ ಗುಪ್ತ ಗುರುತನ್ನೂ ಒಪ್ಪಿಸಿ ಆ್ಯಪ್ ಟೋಕನ್ ಪಡೆಯುತ್ತದೆ. ಮಾಹಿತಿ ಕೇಳುವಾಗಲೆಲ್ಲ ಅದನ್ನು ತೋರಿಸುತ್ತದೆ. ಟೋಕನ್ನಿಗೆ ಎಲ್ಲೆಯುಂಟು, ಅವಧಿಯುಂಟು. ನಾವು ಅದನ್ನು ರದ್ದುಪಡಿಸಲೂ ಬರುತ್ತದೆ.

ಕ್ರಮವು ಎಷ್ಟು ಬಿಗಿಯಾಗಿದ್ದರೂ ಚೀಟಿಯ ಬರಹವೇ ಸಡಿಲವಾಗಿದ್ದರೆ ಗತಿಯೇನು? ಹಿಂದೆ ಫೇಸ್‌ಬುಕ್ಕಿನ ಎಪಿಐ, ಒಪ್ಪಿದವನ ಮಾಹಿತಿಯೊಡನೆ ಅವನ ಗೆಳೆಯರ ಮಾಹಿತಿಯನ್ನೂ ಕೊಡುತ್ತಿತ್ತು. ಇದಕ್ಕೆ ಕಡಿವಾಣ ಹಾಕುವ ನಿಯಮಗಳು 2014ರಲ್ಲಿ ಪ್ರಕಟವಾದವು; ಆದರೂ ಅನರ್ಥ ತಪ್ಪಲಿಲ್ಲ. 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣ ಬಯಲಾದಾಗ ಫೇಸ್‌ಬುಕ್ ಸಂಸ್ಥೆಯೇ ಕೊಟ್ಟ ಲೆಕ್ಕವಿದು: ಸ್ವಭಾವ ಪರೀಕ್ಷೆಯ ಆ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಜನ, ಮಾಹಿತಿ ಸೋರಿರಬಹುದಾದವರು 5,62,455 ಜನ. ಮಿಕ್ಕವರು ಯಾರಿಗೂ ಚೀಟಿ ಬರೆದವರಲ್ಲ. ಬರೆದವರ ಗೆಳೆಯರು, ಅಷ್ಟೆ.

ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆಯುವಂತಿರಬೇಕೆಂದೂ, 18 ವರ್ಷ ತುಂಬದವರ ಪರವಾಗಿ ತಂದೆತಾಯಿಗಳು ಅಥವಾ ಪೋಷಕರು ಒಪ್ಪಬೇಕೆಂದೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವಿಧಿಸುತ್ತದೆ. ಆದರೆ ಓದಿ ಒಪ್ಪುವ ಹೊಣೆಯನ್ನು ಯಾವ ಕಾನೂನೂ ನಮ್ಮಿಂದ ಇಳಿಸಲಾರದು. ಆದುದರಿಂದ ವಿದ್ಯಾರ್ಥಿಗಳು ಪಾಸ್‌ವರ್ಡನ್ನು ಜಾಲತಾಣದ ಸ್ವಂತ ಬಾಗಿಲಲ್ಲದೆ ಬೇರೆಲ್ಲಿಯೂ ಕೊಡಬಾರದು. ಬಳಸದ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಹಿಂದೆಗೆಯಬೇಕು. ಸಹಿ ಹಾಕುವ ಮುನ್ನ ಎಷ್ಟು ಚೀಲ ಎಂಬುದನ್ನು ಮಾತ್ರವಲ್ಲ, ಯಾರ ಚೀಲ ಎಂಬುದನ್ನೂ ನೋಡಬೇಕು.