ನಮ್ಮ ಕೋವಿಗೆ ಒಪ್ಪುವ ತೋಟಾ ಯಾವುದು?

ಕಾಫಿ ಹಣ್ಣಾಗುವ ಕಾಲಕ್ಕೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಮಾತು ಮುಗಿಸಿ, ಹೊರಡುವಾಗ ಮೆಲ್ಲನೆ ಇನ್ನೊಂದು ಪ್ರಶ್ನೆ ಕೇಳುವುದುಂಟು: "ನಮ್ಮದು ಒಂಟಿ ಮನೆ. ಕೋವಿ ಇದೆ. ರಕ್ಷಣೆಗೆ ಯಾವ ತೋಟಾ ತಂದಿಡಲಿ?" ದಪ್ಪ ಚರೆಯದೇ ಒಳ್ಳೆಯದೆಂಬ ಉತ್ತರವನ್ನು ಹಲವರು ನಿರೀಕ್ಷಿಸುತ್ತಾರೆ. ನಮ್ಮ ಉತ್ತರ ಬೇರೆ. ತೋಟಾ ಮೊದಲು ಕೋವಿಗೆ ಒಪ್ಪಬೇಕು, ಆಮೇಲೆ ಮನೆಯ ಸುತ್ತಲಿನ ಜಾಗಕ್ಕೆ ಒಪ್ಪಬೇಕು. ಅದರ ಜೋರಿನ ಮಾತು ಕಡೆಯದು.

ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಗಾತ್ರದ 12 ಗುಂಡುಗಳಾದರೆ ಅದು 12 ಬೋರ್. ಒಳವ್ಯಾಸ ಸುಮಾರು 18.5 ಮಿ.ಮೀ. 20 ಬೋರ್ ಇದಕ್ಕಿಂತ ಸಣ್ಣದು. ಅಪಾಯವಿರುವುದು ಇಲ್ಲಿಯೇ. 20 ಬೋರಿನ ತೋಟಾ 12 ಬೋರಿನ ಕೋವಿಗೆ ಬಿದ್ದರೆ ಒಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನೋಡುವವರಿಗೆ ಕೋವಿ ಖಾಲಿಯಿದ್ದಂತೆ ಕಾಣುತ್ತದೆ. ಹಿಂದಿನಿಂದ 12 ಬೋರಿನ ತೋಟಾ ಹಾಕಿ ಕುದುರೆ ಎಳೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಆದ್ದರಿಂದ ನೆಂಟರು ಬಿಟ್ಟುಹೋದ, ನೆರೆಯವರು ಕೊಟ್ಟ ತೋಟಾಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬಾರದು. ನಮ್ಮ ಲೈಸೆನ್ಸಿಗೆ ಸೇರದ ತೋಟಾ ಇಟ್ಟುಕೊಳ್ಳುವುದು ಕಾನೂನಿಗೂ ವಿರುದ್ಧ.

ಎರಡನೆಯದು ಉದ್ದ. ನಮ್ಮ ತಂದೆಯವರ ಕಾಲದ ಜೋಡುನಳಿಗೆ ಕೋವಿಗೆ ಒಮ್ಮೆ ನಾವು 70 ಮಿ.ಮೀ. ತೋಟಾ ತಂದೆವು. ಸಲೀಸಾಗಿ ಕೂತಿತು, ಕೋವಿಯೂ ಮುಚ್ಚಿಕೊಂಡಿತು. ಹೊಡೆದಾಗ ಭುಜಕ್ಕೆ ಬಿದ್ದ ಪೆಟ್ಟು ಎರಡು ದಿನ ನೋಯಿತು. ಕೋವಿ ರಿಪೇರಿಯವರು ನಳಿಗೆ ಬಿಚ್ಚಿ ಬುಡದಲ್ಲಿ ಒತ್ತಿದ್ದ ಎರಡೂವರೆ ಇಂಚಿನ, ಎಂದರೆ 65 ಮಿ.ಮೀ.ನ, ಗುರುತನ್ನು ತೋರಿಸಿದಾಗಲೇ ನಮ್ಮ ತಪ್ಪು ತಿಳಿದದ್ದು. ತೋಟಾದ ಮೇಲೆ ಬರೆದಿರುವುದು ಹೊಡೆದ ಮೇಲೆ ಬಾಯಿ ಬಿಚ್ಚಿದಾಗಿನ ಉದ್ದ. ಹೊಡೆಯುವ ಮೊದಲು ಮಡಿಕೆಯಿಂದಾಗಿ ಅದು ಗಿಡ್ಡವಿರುತ್ತದೆ. ಹಾಗಾಗಿ ಹಿಡಿಸಿತೆಂದ ಮಾತ್ರಕ್ಕೆ ಒಪ್ಪಿತೆಂದಲ್ಲ. ಗಿಡ್ಡ ಕೋಣೆಯಲ್ಲಿ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಮಿತಿ ಮೀರುತ್ತದೆ.

ಇನ್ನು ಚರೆ. ಒಂದು ಔನ್ಸಿಗೆ ಎಲ್‌ಜಿ 6, ಎಸ್‌ಜಿ 8, ಬಿಬಿ ಸುಮಾರು 70, ನಾಲ್ಕನೇ ನಂಬರು ಸುಮಾರು 170 ಕಾಳು. ಮನೆಯೊಳಗಿನ ಮೂರು ನಾಲ್ಕು ಮೀಟರ್ ದೂರದಲ್ಲಿ ಯಾವ ಚರೆಯಾದರೂ ಹೆಚ್ಚು ಹರಡದೆ ಒಂದೇ ಮುದ್ದೆಯಂತೆ ಹೋಗುತ್ತದೆ. ಅಲ್ಲಿ ದಪ್ಪ ಚರೆಯಿಂದ ವಿಶೇಷ ಲಾಭವಿಲ್ಲ. ಗುರಿ ತಪ್ಪಿದರೆ ಮಾತ್ರ ಎಸ್‌ಜಿ ಹಲಗೆ ಬಾಗಿಲನ್ನು ದಾಟಿ ಆಚೆಗೂ ದೂರ ಹೋಗಬಲ್ಲುದು. ಆಚೆಗಿರುವುದು ನಮ್ಮದೇ ಲೈನು ಮನೆಗಳು, ಕಾಫಿ ಗಿಡಗಳ ಮರೆಯಲ್ಲಿ ಕಾಣದೆ ಕೆಲಸ ಮಾಡುವ ನಮ್ಮದೇ ಆಳುಗಳು. ಮನೆಗೆ ನಾಲ್ಕನೇ ನಂಬರು ಸಾಕೆಂಬುದು ನಮ್ಮ ಅಭಿಪ್ರಾಯ. ಅದೂ ಪ್ರಾಣ ತೆಗೆಯುವಂಥದೇ ಎಂಬುದನ್ನು ಮರೆಯಬಾರದು.

ಕೆಲವು ಸದಸ್ಯರಲ್ಲಿ .32ರ ಕೈಕೋವಿ ಇದೆ. ಅಂಗಡಿಯಲ್ಲಿ '.32' ಎಂದಷ್ಟೇ ಕೇಳಿದರೆ ಸಾಲದು. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ ರಿವಾಲ್ವರಿನ ತೋಟಾ ಉದ್ದನೆಯದು, ಪಿಸ್ತೂಲಿನದು 7.65 ಮಿ.ಮೀ.ನ ಗಿಡ್ಡ ತೋಟಾ. ಒಂದನ್ನು ಇನ್ನೊಂದಕ್ಕೆ ಹಾಕಬಾರದು.

ನಮ್ಮ ಮಳೆಗಾಲ ತೋಟಾಕ್ಕೂ ಶತ್ರು. ಉಬ್ಬಿದ, ತುಕ್ಕು ಹಿಡಿದ ತೋಟಾಗಳನ್ನು ಬಳಸದೆ ಲೈಸೆನ್ಸುಳ್ಳ ವ್ಯಾಪಾರಿಯನ್ನು ವಿಚಾರಿಸಿ. ಕುದುರೆ ಎಳೆದೂ ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಸದ್ದು ಸಪ್ಪೆಯಾಗಿ ಬಂದರೆ ಕೋವಿ ಖಾಲಿ ಮಾಡಿ ನಳಿಗೆಯೊಳಗೆ ನೋಡದೆ ಮತ್ತೊಂದು ಹಾಕಬೇಡಿ. ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಿ ಮರಳಿ ತಂದ ಕೋವಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಆ ಹಿಡಿ ಮಣ್ಣೇ ನಳಿಗೆ ಸಿಡಿಸಲು ಸಾಕು.

ಕೊನೆಗೆ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ಅಗತ್ಯಕ್ಕೆ ಮೀರಿದ ಬಲಪ್ರಯೋಗಕ್ಕೆ ಆ ಹಕ್ಕಿಲ್ಲ. ಅಡಿಕೆ ಕದ್ದು ಓಡುವವನ ಬೆನ್ನಿಗೆ ಹೊಡೆದರೆ ಆತ್ಮರಕ್ಷಣೆ ಎನಿಸದು. 1972ರ ವನ್ಯಜೀವಿ ಕಾಯ್ದೆಯೂ ಪ್ರಾಣಾಪಾಯದಲ್ಲಿ ಮಾತ್ರ ವಿನಾಯಿತಿ ಕೊಡುತ್ತದೆ. ಬೆಳೆ ತಿನ್ನುವ ಹಂದಿಗೆ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಆನೆಗಂತೂ ಚರೆ ಹೊಡೆಯಲೇಬೇಡಿ. ಗಾಯಗೊಂಡ ಆನೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವವರ ಮೇಲೆ ಬೀಳುತ್ತದೆ.

ಸದಸ್ಯ ಬಾಂಧವರು ಈ ವಾರವೇ ಕೋವಿ ಖಾಲಿ ಮಾಡಿ, ನಳಿಗೆಯ ಬುಡದಲ್ಲಿರುವ ಬೋರು ಮತ್ತು ಉದ್ದವನ್ನು ಒಂದು ಚೀಟಿಯಲ್ಲಿ ಬರೆದು ಲೈಸೆನ್ಸಿನ ಜೊತೆ ಇಟ್ಟುಕೊಳ್ಳಬೇಕಾಗಿ ವಿನಂತಿ. ಗುರುತು ಅಳಿಸಿದ್ದರೆ ಬಲ್ಲವರಿಗೆ ತೋರಿಸುವ ತನಕ ಆ ಕೋವಿಗೆ ರಜೆ ಕೊಡಿ.